‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಕೀ ತಪ್ಪು ಅಂತ ಅಲ್ಲ

ಪ್ರಶ್ನೆ: ನಮ್ಮ ತಂಡದ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಸರ್ವರನ್ನು ಹೋದ ವಾರ ಹೊಸ ಮಷಿನ್‌ಗೆ ಬದಲಾಯಿಸಿದರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರುವ ವಿಧಾನ) ಪೋರ್ಟ್, ಅಂದರೆ ಸಂಪರ್ಕದ ಬಾಗಿಲಿನ ಸಂಖ್ಯೆ, ಈಗ 2222 ಅಂತ ತಿಳಿಸಿದ್ದಾರೆ. ರಿಮೋಟ್ ವಿಳಾಸದಲ್ಲಿ (ಗಿಟ್ ಕೋಡ್ ಕಳಿಸುವ ವಿಳಾಸ) ಸರ್ವರ್ ಹೆಸರು ಆದ ಮೇಲೆ ಕೋಲನ್ ಹಾಕಿ 2222 ಸೇರಿಸಿದೆ. ಆದರೂ ಪುಶ್ ಮಾಡಿದಾಗ (ಕೋಡನ್ನು ಸರ್ವರ್‌ಗೆ ಕಳಿಸಿದಾಗ) ‘ಪೋರ್ಟ್ 22: ಕನೆಕ್ಷನ್ ರಿಫ್ಯೂಸ್ಡ್’ ಅಂತಲೇ ಬರುತ್ತದೆ. ಎಸ್‌ಎಸ್‌ಎಚ್ ಕೀಯನ್ನು (ನಾನು ಯಾರು ಅಂತ ಸರ್ವರ್‌ಗೆ ತೋರಿಸುವ ಫೈಲು) ಮೂರು ಸಲ ಹೊಸದಾಗಿ ಮಾಡಿದ್ದೇನೆ. ಇನ್ನೇನು ಮಾಡಲಿ?

ಉತ್ತರ: ಮೊದಲು ಕೀ ಬದಲಾಯಿಸುವುದನ್ನು ನಿಲ್ಲಿಸಿ. ನಿಮ್ಮ ಕೀಯನ್ನು ಸರ್ವರ್ ಇನ್ನೂ ನೋಡಿಯೇ ಇಲ್ಲ. ಸಂಪರ್ಕ ಸಿಕ್ಕಿದ ಮೇಲಷ್ಟೇ ಅದು ಕೀ ಕೇಳುತ್ತದೆ. ಕೀ ಒಪ್ಪಿಗೆಯಾಗದಿದ್ದರೆ ಬರುವ ಸಂದೇಶವೇ ಬೇರೆ, ‘ಪರ್ಮಿಷನ್ ಡಿನೈಡ್’.

‘ರಿಫ್ಯೂಸ್ಡ್’ ಅಂದರೆ ನೀವು ಬಾಗಿಲು ತಟ್ಟಿದ್ದೀರಿ, ‘ಇಲ್ಲಿ ಯಾರೂ ಇಲ್ಲ’ ಅಂತ ತಕ್ಷಣ ಉತ್ತರ ಬಂದಿದೆ ಅಂತ. ಉತ್ತರವೇ ಬರದಿದ್ದರೆ ತುಂಬಾ ಹೊತ್ತು ಕಾದು ‘ಟೈಮ್ಡ್ ಔಟ್’ ಕಾಣುತ್ತಿತ್ತು. ಹಾಗಾಗಿ ನಿಮ್ಮ ನೆಟ್‌ವರ್ಕ್ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಯಾವ ಮಷಿನ್‌ನ ಯಾವ ಪೋರ್ಟ್ ತಟ್ಟುತ್ತಿದ್ದೀರಿ ಅನ್ನುವುದನ್ನು ನೋಡಬೇಕು, ಅಷ್ಟೇ.

ಅದು ನಿಮ್ಮ ಪತ್ರದಲ್ಲೇ ಇದೆ. ನೀವು ಹಾಕಿದ್ದು 2222, ಸಂದೇಶ ಹೇಳುತ್ತಿರುವುದು 22. ‘ಗಿಟ್ ಅಟ್ ಸರ್ವರ್, ಕೋಲನ್, ಪಾತ್’ ಅನ್ನುವ ಚಿಕ್ಕ ರೂಪದ ವಿಳಾಸದಲ್ಲಿ ಪೋರ್ಟ್‌ಗೆ ಜಾಗವೇ ಇಲ್ಲ. ಕೋಲನ್ ಆದ ಮೇಲೆ ಬರುವುದೆಲ್ಲ ಪಾತ್, ಅಂದರೆ ಸರ್ವರ್‌ನಲ್ಲಿ ಫೋಲ್ಡರ್ ಇರುವ ಜಾಗ. ನಿಮ್ಮ 2222 ಅನ್ನು ಗಿಟ್ ಒಂದು ಫೋಲ್ಡರ್ ಹೆಸರು ಅಂದುಕೊಂಡು, ಎಂದಿನಂತೆ 22ಕ್ಕೇ ಹೋಗಿದೆ. ತುಂಬಾ ಅನುಭವ ಇರುವವರೂ ಇಲ್ಲಿ ಎಡವುತ್ತಾರೆ. ನೋಡಿದರೆ ವಿಳಾಸ ಸರಿಯಾಗಿಯೇ ಕಾಣುತ್ತದೆ ಅಲ್ವಾ!

ಪೋರ್ಟ್ ಕೊಡಬೇಕಾದರೆ ಉದ್ದದ ರೂಪ ಬೇಕು. ಮೊದಲು ಎಸ್‌ಎಸ್‌ಎಚ್, ಕೋಲನ್, ಎರಡು ಸ್ಲ್ಯಾಶ್. ಆಮೇಲೆ ಗಿಟ್ ಅಟ್ ಸರ್ವರ್ ಹೆಸರು, ಕೋಲನ್, 2222, ಒಂದು ಸ್ಲ್ಯಾಶ್, ಪಾತ್. ಬರೀ ಎಸ್‌ಎಸ್‌ಎಚ್ ಮೇಲೆ ನಡೆಯುವ ಸರ್ವರ್ ಆದರೆ ಈ ರೂಪದಲ್ಲಿ ಪಾತನ್ನು ರೂಟ್‌ನಿಂದ (ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ) ಪೂರ್ತಿ ಬರೆಯಬೇಕಾಗುತ್ತದೆ, ಅದನ್ನು ಮರೆಯಬೇಡಿ.

ನನಗೆ ಜಾಸ್ತಿ ಇಷ್ಟವಾದ ದಾರಿ ಇನ್ನೊಂದಿದೆ. ನಿಮ್ಮ ಹೋಮ್ ಫೋಲ್ಡರ್‌ನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಆ ಸರ್ವರ್ ಹೆಸರಿನ ಕೆಳಗೆ ‘ಪೋರ್ಟ್ 2222’ ಅಂತ ಬರೆದಿಡಿ. ರಿಮೋಟ್ ವಿಳಾಸವನ್ನು ಮೊದಲಿದ್ದಂತೆಯೇ ಇಡಿ. ಆ ಸರ್ವರ್‌ನಲ್ಲಿರುವ ನಿಮ್ಮ ಎಲ್ಲ ರೆಪೊಗಳಿಗೂ (ಗಿಟ್ ಪ್ರಾಜೆಕ್ಟ್‌ಗಳಿಗೂ) ಒಂದೇ ಸಲ ಪರಿಹಾರ ಸಿಗುತ್ತದೆ.

ಆಮೇಲೂ ‘ಪೋರ್ಟ್ 2222: ರಿಫ್ಯೂಸ್ಡ್’ ಅಂತ ಬಂದರೆ ಎಸ್‌ಎಸ್‌ಎಚ್ ಕಮಾಂಡನ್ನು ಮೈನಸ್ ವಿ ಜೊತೆ ಓಡಿಸಿ, ಅದು ಪ್ರತಿ ಹೆಜ್ಜೆಯನ್ನೂ ತೋರಿಸುತ್ತದೆ. ‘ಕನೆಕ್ಟಿಂಗ್ ಟು’ ಅನ್ನುವ ಸಾಲಿನಲ್ಲಿ ಐಪಿ ವಿಳಾಸ ಕಾಣುತ್ತದೆ. ಅದು ಹಳೆಯ ಮಷಿನ್‌ನದೇ? ಇಲ್ಲಾ 127.0.0.1, ಅಂದರೆ ನಿಮ್ಮದೇ ಕಂಪ್ಯೂಟರೇ? ಹಾಗಿದ್ದರೆ ಸರ್ವರ್ ಹೆಸರಿಗೆ ಐಪಿ ಹುಡುಕಿಕೊಡುವ ಹೋಸ್ಟ್ಸ್ ಫೈಲಿನಲ್ಲೋ ಡಿಎನ್‌ಎಸ್‌ನಲ್ಲೋ ಹಳೆಯ ನಮೂದು ಉಳಿದಿದೆ. ಐಪಿ ಸರಿ ಇದ್ದರೆ, 2222ರಲ್ಲಿ ನಿಜವಾಗಿ ಯಾವುದಾದರೂ ಪ್ರೋಗ್ರಾಂ ಕಾಯುತ್ತಿದೆಯಾ ಅಂತ ಸರ್ವರ್ ನೋಡಿಕೊಳ್ಳುವವರನ್ನು ಕೇಳಿ. ಬೇರೆಯವರಿಗೆಲ್ಲ ಸಂಪರ್ಕ ಸಿಕ್ಕಿ ನಿಮಗೆ ಮಾತ್ರ ಸಿಗದಿದ್ದರೆ ಫೇಲ್‌ಟುಬ್ಯಾನ್ ಅನ್ನು (ಪದೇ ಪದೇ ಲಾಗಿನ್ ತಪ್ಪುವವರನ್ನು ತಡೆಯುವ ಸರ್ವರ್ ಪ್ರೋಗ್ರಾಂ) ಅನುಮಾನಿಸಿ. ಯಾರೂ ಸೆಟ್ಟಿಂಗ್ ಬದಲಾಯಿಸದಿದ್ದರೆ, 10 ನಿಮಿಷದೊಳಗೆ 5 ಸಲ ಲಾಗಿನ್ ತಪ್ಪಿದ ಐಪಿಯನ್ನು ಅದು 10 ನಿಮಿಷ ತಡೆಯುತ್ತದೆ. ಅದರ ತಡೆಯೂ ನಮ್ಮ ಕಡೆ ‘ರಿಫ್ಯೂಸ್ಡ್’ ಅಂತಲೇ ಕಾಣುತ್ತದೆ.

ಗಿಟ್‌ಹಬ್ (ಗಿಟ್ ಕೋಡ್ ಇಡುವ ಜಾಲತಾಣ) ಬಳಸುವವರಿಗೂ ಒಂದು ಮಾತು. ನಿಮ್ಮ ನೆಟ್‌ವರ್ಕ್ 22ನ್ನು ತಡೆದಿದ್ದರೆ, ಹೋಸ್ಟ್ ಹೆಸರನ್ನು ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್ ಅಂತ ಕೊಟ್ಟು 443ರಲ್ಲಿ ಹೋಗಬಹುದು.

ಸಂಪರ್ಕ ಸಿಕ್ಕ ಕೂಡಲೇ ಹೊಸ ಸರ್ವರ್‌ನ ಫಿಂಗರ್‌ಪ್ರಿಂಟ್ (ಸರ್ವರ್‌ನ ಗುರುತಿನ ಅಕ್ಷರಮಾಲೆ) ತೋರಿಸಿ ‘ಯೆಸ್’ (ಹೌದು) ಅನ್ನಲು ಕೇಳುತ್ತದೆ. ಸುಮ್ನೆ ಒತ್ತಬೇಡಿ, ಸರ್ವರ್ ನೋಡಿಕೊಳ್ಳುವವರ ಹತ್ತಿರ ಹೋಲಿಸಿ ನೋಡಿ. ಮೂರನೇ ಸಲ ಮಾಡಿದ ಕೀಯ ಪಬ್ಲಿಕ್ ಭಾಗವನ್ನೂ (ಬೇರೆಯವರಿಗೆ ಕೊಡಬಹುದಾದ ಭಾಗ) ಈಗಲೇ ಅವರಿಗೆ ಕೊಡಿ. ಇಲ್ಲದಿದ್ದರೆ ಮುಂದೆ ಕಾಣುವುದು ‘ಪರ್ಮಿಷನ್ ಡಿನೈಡ್’, ಆಗ ಮಾತ್ರ ತಪ್ಪು ಕೀಯದ್ದೇ.