ಫೋನಿಗೆ ಯಾವ ಆಫೀಸ್ ಆ್ಯಪ್?

ಪ್ರಶ್ನೆ: ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳನ್ನು ಆಂಡ್ರಾಯ್ಡ್ ಫೋನಿನಲ್ಲೇ ತಿದ್ದಲು ಯಾವ ಉಚಿತ ಆ್ಯಪ್ ಒಳ್ಳೆಯದು? ಹಳೆಯ ಕನ್ನಡ ಕಡತಗಳು ಫೋನಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತವೆ.
– ಓದುಗ ಶಿಕ್ಷಕಿ, ಶಿರಸಿ

ಉತ್ತರ: ಎರಡನೆಯ ತೊಂದರೆಯನ್ನೇ ಮೊದಲು ನೋಡೋಣ, ಏಕೆಂದರೆ ಅದು ಆ್ಯಪ್ ಬದಲಿಸಿದ ಮಾತ್ರಕ್ಕೆ ಹೋಗುವಂಥದ್ದಲ್ಲ. ಆ ಕಡತಗಳನ್ನು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯುನಿಕೋಡ್ (ಯಾವ ಸಾಧನದಲ್ಲೂ ಅಕ್ಷರಗಳನ್ನು ಗುರುತಿಸುವ ಏಕರೂಪದ ಸಂಕೇತ ವ್ಯವಸ್ಥೆ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿರುವ ಸಾಧ್ಯತೆಯೇ ಹೆಚ್ಚು. ಆ ಫಾಂಟು ಫೋನಿನಲ್ಲಿ ಇಲ್ಲದಿರುವುದರಿಂದ ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ‘ಪಿ’ಯೂ ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ‘ಎ’ಯೂ ಕಾಣಿಸುತ್ತವೆ. ಕಂಪ್ಯೂಟರಿನಲ್ಲಿ ಒಮ್ಮೆ ಯುನಿಕೋಡಿಗೆ ಪರಿವರ್ತಿಸಿಕೊಂಡರೆ ಕನ್ನಡ ಸರಿಯಾಗಿ ಮೂಡುತ್ತದೆ. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಿ.

ಇನ್ನು ಆ್ಯಪ್‌ನ ವಿಚಾರ. ಸಹೋದ್ಯೋಗಿಗಳೊಂದಿಗೆ ಒಂದೇ ಅಂಕಪಟ್ಟಿಯನ್ನು ತುಂಬುವುದಿದ್ದರೆ ಗೂಗಲ್ ಶೀಟ್ಸ್ ಮತ್ತು ಡಾಕ್ಸ್ ಸಾಕು. ಆದರೆ ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ನಿಮ್ಮ ಜಿಮೇಲ್ ಮತ್ತು ಫೋಟೊಗಳೂ ಹಂಚಿಕೊಳ್ಳುತ್ತವೆ. ನೆಟ್‌ವರ್ಕ್ ಕೈಕೊಡುವ ಊರಾದರೆ ಬೇಕಾದ ಕಡತಕ್ಕೆ ಆಫ್‌ಲೈನ್ ಆಯ್ಕೆಯನ್ನು ಮುಂಚೆಯೇ ಒತ್ತಿಡಿ. ಪ್ರಶ್ನೆಪತ್ರಿಕೆಗೆ ಮಾತ್ರ ನನ್ನ ಒಲವು ಕೊಲಾಬೊರಾ ಆಫೀಸ್ ಕಡೆಗೆ: ಕಂಪ್ಯೂಟರಿನ ಉಚಿತ ಆಫೀಸ್ ತಂತ್ರಾಂಶವಾದ ಲಿಬ್ರೆ ಆಫೀಸ್ ಆಧಾರಿತ ಈ ಮುಕ್ತ ತಂತ್ರಾಂಶಕ್ಕೆ ಖಾತೆ ಬೇಡ, ಕಡತ ಫೋನಿನಲ್ಲೇ ಉಳಿಯುತ್ತದೆ. ಚಿಕ್ಕ ಪರದೆಯಲ್ಲಿ ಅದರ ಮೆನುಗಳು ತುಸು ಇಕ್ಕಟ್ಟು, ಅಷ್ಟೇ.