ಅಜ್ಜಿಯ ‘ಆಲು’ ಕೆಟ್ಟಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಜಗತ್ತಿನಲ್ಲಿ ಇಷ್ಟೊಂದು ಭಾಷೆಗಳೇಕೆ?’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಸಿಟ್ಟಿನಿಂದ. ಬರವಣಿಗೆ ಚೊಕ್ಕವಾಗಿದೆ, ಓದಿಸಿಕೊಂಡು ಹೋಗುತ್ತದೆ. ಜಗತ್ತಿನಲ್ಲಿ ಸುಮಾರು 7000 ಭಾಷೆಗಳಿವೆ ಅಂತ ಬರೆದಿದ್ದೀರಿ, ಅದೂ ಸರಿಯೇ. ಆದರೂ ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ. ‘ಪ್ರಕಟಿಸಲು ಆಗುತ್ತಿಲ್ಲ, ಕ್ಷಮಿಸಿ’ ಅಂತ ಎರಡು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ನನ್ನನ್ನು ಕಾಡಿದ್ದು ಮೂರನೇ ಪುಟದ ಮೂರು ವಾಕ್ಯ. ನೀವು ಬರೆದದ್ದನ್ನೇ ಇಲ್ಲಿ ಇಡುತ್ತೇನೆ: “ಅನಕ್ಷರಸ್ಥರ ಸೋಮಾರಿ ನಾಲಿಗೆಯಿಂದ ಶುದ್ಧ ಪದಗಳು ಕೆಡುತ್ತವೆ. ಉದಾಹರಣೆಗೆ, ಗುಂಡ್ಲುಪೇಟೆ ಕಡೆಯ ನಮ್ಮ ಅಜ್ಜಿ ಹಾಲಿಗೆ ‘ಆಲು’ ಎನ್ನುತ್ತಾರೆ. ಹೀಗೆ ಕೆಡುತ್ತ ಹೋಗಿಯೇ ಒಂದು ಭಾಷೆ ಹತ್ತಾಗುತ್ತದೆ, ಕೊನೆಗೆ ಸಾಯುತ್ತದೆ.”

‘ಶುದ್ಧ ಪದ’ದಿಂದ ಶುರು ಮಾಡೋಣ. ನಿಮ್ಮ ಲೆಕ್ಕದಲ್ಲಿ ‘ಹಾಲು’ ಶುದ್ಧ, ಅಲ್ವಾ? 10ನೇ ಶತಮಾನದ ಪಂಪನಿಗೆ ಅದು ‘ಪಾಲ್’. ತಮಿಳರು ಇವತ್ತಿಗೂ ‘ಪಾಲ್’ ಅಂತಾರೆ, ತೆಲುಗರು ‘ಪಾಲು’ ಅಂತಾರೆ. ನಮ್ಮ ಹೂವು ಆಗ ‘ಪೂ’, ಹುಲಿ ‘ಪುಲಿ’, ಹಲ್ಲು ‘ಪಲ್’, ಹೆಸರು ‘ಪೆಸರ್’, ಹತ್ತು ‘ಪತ್ತು’. ಆಮೇಲಿನ ಮೂರು ನಾಲ್ಕು ಶತಮಾನಗಳಲ್ಲಿ ಇಂಥ ಪದಗಳ ಮೊದಲ ‘ಪ’ ಹೋಗಿ ‘ಹ’ ಬಂತು. 13ನೇ ಶತಮಾನದ ಕೇಶಿರಾಜ ವ್ಯಾಕರಣ ಬರೆಯುವಾಗ ಎರಡೂ ರೂಪಗಳು ಓಡಾಡುತ್ತಿದ್ದವು. ‘ಪ’ ಇದ್ದ ಕಡೆ ‘ಹ’ ಬರುವುದನ್ನು ಅವನು ವ್ಯಾಕರಣದ ಒಳಗೇ ಸೇರಿಸಿಕೊಂಡ.

ಬಾಯಲ್ಲಿ ಏನಾಯಿತು ನೋಡಿ. ‘ಪ’ ಅನ್ನಲು ತುಟಿ ಕೂಡಬೇಕು. ನಮ್ಮ ಹಿರಿಯರು ತುಟಿ ಕೂಡಿಸುವುದನ್ನು ಬಿಟ್ಟು ಉಸಿರನ್ನು ಮಾತ್ರ ಇಟ್ಟುಕೊಂಡರು. ಅದು ‘ಹ’. ನಿಮ್ಮ ಅಜ್ಜಿಯ ಸೀಮೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಉಸಿರನ್ನೂ ಬಿಟ್ಟರು. ಪತ್ತು, ಹತ್ತು, ಅತ್ತು. ಒಂದೇ ದಾರಿ. ನೀವು ನಡುದಾರಿಯಲ್ಲಿ ನಿಂತುಕೊಂಡು, ಮುಂದೆ ಹೋದ ಅಜ್ಜಿಗೆ ‘ದಾರಿ ತಪ್ಪಿದೆ’ ಅನ್ನುತ್ತಿದ್ದೀರಿ.

ಇನ್ನು ‘ಸೋಮಾರಿ ನಾಲಿಗೆ’. ಇದನ್ನು ಓದಿದಾಗಲೇ ನನಗೆ ಸಿಟ್ಟು ಬಂದದ್ದು. ಒಮ್ಮೆ ಅಜ್ಜಿಯ ಅಡುಗೆಮನೆಗೆ ಹೋಗಿ ಕೂತುಕೊಳ್ಳಿ. ಉಪ್ಪು, ತುಪ್ಪ, ಸೊಪ್ಪು. ಈ ಒತ್ತಿನ ‘ಪ್ಪ’ ಪಂಪನ ಕಾಲದಿಂದ ಇವತ್ತಿನವರೆಗೆ ಅಲ್ಲಾಡಿಲ್ಲ. ಹಪ್ಪಳವನ್ನೇ ತೆಗೆದುಕೊಳ್ಳಿ. ಮಲಯಾಳಿಗಳು ‘ಪಪ್ಪಡಂ’ ಅನ್ನುತ್ತಾರೆ. ನಮ್ಮಲ್ಲಿ ಮೊದಲ ‘ಪ’ ‘ಹ’ ಆಗಿದೆ, ಒಳಗಿನ ‘ಪ್ಪ’ ಹಾಗೇ ಇದೆ. ಅಜ್ಜಿ ಬಹುಶಃ ‘ಅಪ್ಪಳ’ ಅನ್ನುತ್ತಾರೆ. ಅಲ್ಲೂ ‘ಪ್ಪ’ ಭದ್ರವಾಗಿದೆ. ಒಂದೇ ಪದದಲ್ಲಿ ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅಂತ ಆ ನಾಲಿಗೆಗೆ ಗೊತ್ತು. ಸೋಮಾರಿತನಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬರುತ್ತದೆ? ಸಂಸ್ಕೃತದಿಂದ ಬಂದ ಪಾಪ, ಪುಣ್ಯ ಮಾತ್ರ ಬದಲಾಗಲಿಲ್ಲ. ಆಸ್ತಿಯ ‘ಪಾಲು’ ಕೂಡ ಯಾಕೋ ಪಾಲಾಗಿಯೇ ಉಳಿಯಿತು. ಇಂಥ ಸಣ್ಣ ಗಂಟುಗಳು ಇರುತ್ತವೆ. ಇವನ್ನು ಬಿಡಿಸುವುದೇ ಭಾಷೆಯ ಬಗ್ಗೆ ಬರೆಯುವವರ ಸುಖ. ನೀವು ಆ ಸುಖವನ್ನು ಬಿಟ್ಟು ಸುಮ್ನೆ ಬೈದುಬಿಟ್ಟಿರಿ.

ನಾನೂ ಈ ತಪ್ಪು ಮಾಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ನಾನು ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ, ಕರಡು ತಿದ್ದುವ ಹುಡುಗನಾಗಿ. ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಮಂಡ್ಯ ಕಡೆಯ ಹಿರಿಯರೊಬ್ಬರು ಆಲೆಮನೆಯ ನೆನಪುಗಳನ್ನು ಬರೆದು ಕಳಿಸಿದ್ದರು, ನಾಲ್ಕು ಹಾಳೆ. ಮಾತಾಡುವ ಹಾಗೇ ಬರೆದಿದ್ದರು. ‘ಒಲ’, ‘ಅಸಿವು’, ‘ಅಳ್ಳಿ’. ನಾನು ಕೆಂಪು ಶಾಯಿಯಲ್ಲಿ ಒಂದೂ ಬಿಡದೆ ‘ಹ’ ಹಾಕಿದೆ. ‘ಬತ್ತಿದ್ದೊ’ ಇದ್ದದ್ದನ್ನು ‘ಬರುತ್ತಿದ್ದೆವು’ ಮಾಡಿದೆ. ಆ ವಾರ ಸಂಪಾದಕರು ಊರಲ್ಲಿರಲಿಲ್ಲ. ನಾನು ತಿದ್ದಿದ್ದೇ ಅಚ್ಚಾಯಿತು.

ಮುಂದಿನ ವಾರ ಆ ಹಿರಿಯರು ಪತ್ರಿಕೆ ಹಿಡಿದುಕೊಂಡು ಕಚೇರಿಗೆ ಬಂದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟು, “ಎಸ್ರು ನಂದೇ, ಮಾತು ಯಾರದು ಸ್ವಾಮಿ?” ಅಂತ ಕೇಳಿದರು. ಜಗಳ ಆಡಲಿಲ್ಲ. ಪತ್ರಿಕೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮತ್ತೆ ಏನೂ ಬರೆದು ಕಳಿಸಲಿಲ್ಲ. ಸಂಪಾದಕರು ವಾಪಸ್ ಬಂದ ಮೇಲೆ ಮೂಲವನ್ನೂ ಅಚ್ಚಾದದ್ದನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿದರು. ಮೂಲ ಓದುವಾಗ ಬೆಲ್ಲದ ಕೊಪ್ಪರಿಗೆ ಮುಂದೆ ನಿಂತ ಮನುಷ್ಯ ಕಾಣುತ್ತಿದ್ದ. ನಾನು ತಿದ್ದಿದ್ದರಲ್ಲಿ ಅವನಿರಲಿಲ್ಲ. “ಕಾಗುಣಿತ ತಿದ್ದಪ್ಪ, ಬಾಯಿ ತಿದ್ದಬೇಡ” ಅಂದರು, ಅಷ್ಟೇ. ನಿಮ್ಮ ಮೂರನೇ ಪುಟ ಓದುವಾಗ ಆ ಹಿರಿಯರ ಬೆರಳು ಕಣ್ಣ ಮುಂದೆ ಬಂತು.

‘ಕೆಡುತ್ತ ಹೋಗಿ ಹತ್ತಾಗುತ್ತದೆ’ ಅಂದಿರಿ. ಹತ್ತಾಗುವುದು ನಿಜ. ಕೆಡುವುದು ಸುಳ್ಳು. ರೋಮನ್ನರ ಲ್ಯಾಟಿನ್‌ಗೂ ನಿಮ್ಮಂಥ ಒಬ್ಬ ಮೇಷ್ಟ್ರು ಇದ್ದ. ಅವನ ಹೆಸರು ಉಳಿದಿಲ್ಲ, ಪಟ್ಟಿ ಉಳಿದಿದೆ. ‘ಹೀಗೆ ಅನ್ನಿ, ಹಾಗೆ ಅನ್ನಬೇಡಿ’ ಅಂತ ಇನ್ನೂರಕ್ಕೂ ಹೆಚ್ಚು ಪದ ಬರೆದಿಟ್ಟ. ಕಣ್ಣಿಗೆ ‘ಓಕುಲುಸ್’ ಅನ್ನಿ, ‘ಓಕ್ಲುಸ್’ ಅನ್ನಬೇಡಿ ಅಂತ ಅದರಲ್ಲಿದೆ. ಜನ ಓಕ್ಲುಸ್ ಅನ್ನುವುದನ್ನು ಬಿಡಲಿಲ್ಲ. ಇಟಲಿಯಲ್ಲಿ ಅದು ‘ಓಕ್ಕಿಯೊ’ ಆಯಿತು, ಸ್ಪೇನಿನಲ್ಲಿ ‘ಓಹೊ’ ಆಯಿತು. ಮೇಷ್ಟ್ರು ತಪ್ಪು ಅಂದ ರೂಪಗಳಿಂದಲೇ ಇವತ್ತಿನ ಶುದ್ಧ ಪದಗಳು ಬಂದವು. ಆ ಭಾಷೆಗಳಲ್ಲಿ ಕಾವ್ಯ ಹುಟ್ಟಿತು, ಕಾನೂನು ಬರೆದರು. ಅವು ಕೆಟ್ಟ ಲ್ಯಾಟಿನ್ ಅಂತ ಇವತ್ತು ಯಾರೂ ಅನ್ನುವುದಿಲ್ಲ.

ಲೇಖನದಲ್ಲಿ ನೀವು ಉದಾಹರಣೆ ಹುಡುಕಿಕೊಂಡು ಪಪುವಾ ನ್ಯೂಗಿನಿ ದೇಶದವರೆಗೆ ಹೋಗಿದ್ದೀರಿ. ಅಲ್ಲಿ 800ಕ್ಕೂ ಹೆಚ್ಚು ಭಾಷೆಗಳಿರುವುದು ನಿಜ. ‘ಬೆಟ್ಟಗಳೇ ಕಾರಣ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಮಾತ್ರ ಸಾಲದು. ಬೆಟ್ಟ ಅರ್ಧ ಕಾರಣ. ಇನ್ನರ್ಧ ಜನರ ಮನಸ್ಸು. ಅಲ್ಲಿ ಸೆಲೆಪೆತ್ ಎಂಬ ಭಾಷೆ ಆಡುವ ಒಂದು ಊರಿನವರು ಸಭೆ ಸೇರಿ, ‘ಇಲ್ಲ’ ಅನ್ನಲು ಬಳಸುತ್ತಿದ್ದ ‘ಬಿಯಾ’ ಬಿಟ್ಟು ‘ಬುನೆ’ ಅನ್ನಬೇಕು ಅಂತ ತೀರ್ಮಾನ ಮಾಡಿದರು. ಯಾಕೆ? ಪಕ್ಕದ ಊರಿನವರೂ ಬಿಯಾ ಅನ್ನುತ್ತಿದ್ದರು. ‘ನಾವು ಬೇರೆ’ ಅಂತ ತೋರಿಸಬೇಕಿತ್ತು. ನಿಮ್ಮ ಅಜ್ಜಿ ‘ಆಲು’ ಅಂದ ಕೂಡಲೇ ಆ ಸೀಮೆಯವರಿಗೆ ‘ಇವರು ನಮ್ಮೋರು’ ಅಂತ ಗೊತ್ತಾಗುವುದಿಲ್ಲವೇ?

ಇಷ್ಟಕ್ಕೂ ಅಷ್ಟು ದೂರ ಯಾಕೆ ಹೋದಿರಿ? ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಹತ್ತಿದರೆ ಬಂಡೀಪುರ ದಾಟಿ ನೀಲಗಿರಿ. ಅಲ್ಲಿ ಬಡಗರಿದ್ದಾರೆ. ಬಡಗ ಅಂದರೆ ಉತ್ತರ. ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು. ಅವರ ಮಾತು ಕನ್ನಡದ್ದೇ ಒಂದು ಬಗೆಯೋ, ಬೇರೆಯೇ ಭಾಷೆಯೋ ಅಂತ ಇವತ್ತಿಗೂ ಚರ್ಚೆ ನಡೆಯುತ್ತದೆ. ಒಂದು ಭಾಷೆ ಎರಡಾಗುವುದನ್ನು ಒಂದು ಹಗಲಿನ ಪ್ರಯಾಣದಲ್ಲಿ ಕೇಳಿಸಿಕೊಂಡು ಬರಬಹುದು.

ಕೊನೆಯದು, ‘ಸಾಯುತ್ತದೆ’. ಬದಲಾಗಿದ್ದಕ್ಕೆ ಯಾವ ಭಾಷೆಯೂ ಸಾಯುವುದಿಲ್ಲ. ಅಂಡಮಾನಿನ ‘ಬೋ’ ಭಾಷೆ ಬಲ್ಲ ಕೊನೆಯವರಾದ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಅವರ ಜೊತೆ ಆ ಭಾಷೆಯಲ್ಲಿ ಮಾತಾಡುವವರು ಯಾರೂ ಉಳಿದಿರಲಿಲ್ಲ. ಅಕ್ಕಪಕ್ಕದವರೊಡನೆ ಹಿಂದಿಯಲ್ಲೇ ಮಾತಾಡಬೇಕಿತ್ತು. ಮಕ್ಕಳ ಬಾಯಿಗೆ ಬರದೆ ಹೋದಾಗ ಭಾಷೆ ಸಾಯುತ್ತದೆ. ಮೊಮ್ಮಗ ಓದಿಕೊಂಡು ಬಂದಿದ್ದಾನೆ, ನನ್ನ ಮಾತು ಅವನಿಗೆ ಕೆಟ್ಟದ್ದಾಗಿ ಕೇಳಿಸುತ್ತದೆ ಅಂತ ಅಜ್ಜಿ ಬಾಯಿ ಮುಚ್ಚಿಕೊಂಡರೆ ನನಗೆ ಹೆದರಿಕೆ. ಅವರು ‘ಆಲು’ ಅಂದರೆ ನನಗೆ ಹೆದರಿಕೆಯಿಲ್ಲ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಈ ಹಬ್ಬಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅಜ್ಜಿ ಹುಣಸೆಗೆ, ಹಿಟ್ಟಿಗೆ, ಹಸುವಿಗೆ, ಹೊಲಕ್ಕೆ ಏನನ್ನುತ್ತಾರೆ ಕೇಳಿ. ಅಕ್ಕಿಗೆ ‘ಹಕ್ಕಿ’ ಅನ್ನುತ್ತಾರಾ ಅದನ್ನೂ ನೋಡಿ. ‘ಹ’ ಬಿಟ್ಟು ಅಭ್ಯಾಸವಾದವರು ಪೇಟೆಯವರ ಮುಂದೆ ಅದನ್ನು ಇಲ್ಲದ ಕಡೆಗೂ ಸೇರಿಸುವುದುಂಟು. ಅದಕ್ಕೂ ಒಂದು ಕಾರಣವಿದೆ, ನೀವೇ ಯೋಚಿಸಿ. ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಲೇಖನವನ್ನು ಅಡುಗೆಮನೆಯಿಂದಲೇ ಶುರು ಮಾಡಿ. ಮುಂದಿನ ತಿಂಗಳ 20ರೊಳಗೆ ಕಳಿಸಿದರೆ ನಾಲ್ಕು ಪುಟ ಜಾಗ ಇಟ್ಟಿರುತ್ತೇನೆ. ಅಜ್ಜಿ ಒಪ್ಪಿದರೆ ಅವರದೊಂದು ಫೋಟೋ ಕೂಡ ಇರಲಿ.

ನಿಮ್ಮ,
ಸಂಪಾದಕ