ಸ್ಕ್ರೀನ್ ಹಾಕಿದವನ ಲೆಕ್ಕ ಇಡೋರು ಯಾರು?

ನನ್ನ ಹತ್ತಿರ ಸಲಹೆಗೆ ಬಂದವರೊಬ್ಬರ ಕಥೆ ಇದು; ಹೆಸರು, ಗುರುತು ಬದಲಿಸಿದ್ದೇನೆ. ಇವರನ್ನು 'ಸ' ಅನ್ನೋಣ. ವಯಸ್ಸು 22, ಎತ್ತರ ಆರು ಅಡಿ ಎಂಟು ಇಂಚು, ಬಾಸ್ಕೆಟ್‌ಬಾಲ್ ತಂಡದ ಸೆಂಟರ್, ಅಂದ್ರೆ ರಿಂಗ್ ಹತ್ತಿರ ಆಡೋ ಎತ್ತರದ ಆಟಗಾರ. ಮೊದಲ ದಿನ ಕುರ್ಚಿಯಲ್ಲಿ ಕೂತವರು ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಆಮೇಲೆ ಒಂದೇ ಮಾತು: "ಇಷ್ಟು ಎತ್ತರ ಇದ್ದೂ ಏನು ಬಂತು ಮೇಡಂ?"

ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗೋ ಅಡ್ಡಿಯಿಲ್ಲದ ಎಸೆತ) ಹತ್ತಕ್ಕೆ ನಾಲ್ಕು ಬಿದ್ದರೆ ಜಾಸ್ತಿ. ದೂರದಿಂದ ಶಾಟ್ ಇಲ್ಲ. ಕಾಲು ನಿಧಾನ, ಚೆಂಡು ನಡೆಸೋ ಚುರುಕಿನ ಗಾರ್ಡ್‌ಗಳು ಸಲೀಸಾಗಿ ದಾಟಿ ಹೋಗುತ್ತಾರೆ. ಆಟದಿಂದ ಹೊರಗೆ ಹಾಕೋ ಐದು ಫೌಲ್ ಬೇಗ ತುಂಬುತ್ತವೆ. ಕೊನೆಯ ನಿಮಿಷಗಳಲ್ಲಿ ಕೋಚ್ ಬೆಂಚಿಗೆ ಕರೆಯುತ್ತಾರೆ. ಮನೆಗೆ ಹೋದರೆ ಅಪ್ಪನ ಪ್ರಶ್ನೆ: "ಎಷ್ಟು ಪಾಯಿಂಟ್?"

ನಾನು ಕೋಚ್ ಅಲ್ಲ. ಎರಡನೇ ಭೇಟಿಯಲ್ಲಿ ಸುಮ್ನೆ ಕೇಳಿದೆ: ಪಂದ್ಯದಲ್ಲಿ ಭಯವೇ ಇಲ್ಲದೆ ಮಾಡೋ ಕೆಲಸ ಯಾವುದು? ಅವರು ಮೇಜಿನ ಮೇಲಿದ್ದ ನೀರಿನ ಬಾಟಲಿ ಎಳೆದುಕೊಂಡರು. ಬಾಟಲಿ ತಾವು, ಪೆನ್ನು ತಮ್ಮ ಗಾರ್ಡ್, ಮುಚ್ಚಳ ಎದುರಾಳಿ. ಸ್ಕ್ರೀನ್‌ಗೆ, ಅಂದ್ರೆ ತಮ್ಮ ಗಾರ್ಡ್ ಬೆನ್ನು ಹತ್ತಿದ ಎದುರಾಳಿಗೆ ಗೋಡೆ ಹಾಗೆ ಅಡ್ಡ, ನಿಲ್ಲುವಾಗ ಪಾದ ಹೇಗೆ ಊರಬೇಕು, ಅಲುಗಿದರೆ ಯಾಕೆ ಫೌಲ್, ಎದುರಾಳಿ ಬಂದು ಬಡಿದ ಕೂಡಲೇ ಹೇಗೆ ತಿರುಗಿ ರಿಂಗ್ ಕಡೆ ಓಡಬೇಕು. ಇಪ್ಪತ್ತು ನಿಮಿಷ ಹೇಳಿದರು. ಮೊಣಕಾಲಿನ ಒದ್ದಾಟ ನಿಂತಿತ್ತು.

ಆಗ ಬೆನ್ ವಾಲೆಸ್ ವಿಷಯ ತೆಗೆದೆ. ಅಮೆರಿಕದ ಎನ್‌ಬಿಎ ಲೀಗ್‌ನ ತಂಡಗಳು ಹೊಸಬರನ್ನು ಆರಿಸೋ 1996ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಆಟಗಾರ. ಫ್ರೀ ಥ್ರೋ ವೃತ್ತಿಯುದ್ದಕ್ಕೂ ಶೇ 41ರ ಆಸುಪಾಸು, ಪಂದ್ಯಕ್ಕೆ ಸರಾಸರಿ ಆರು ಪಾಯಿಂಟ್ ಕೂಡ ಇಲ್ಲ. ಆದರೂ ರಿಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯೋದು), ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು), ಡಿಫೆನ್ಸ್ ಬಲದಿಂದ ನಾಲ್ಕು ಸಲ ವರ್ಷದ ಡಿಫೆನ್ಸ್ ಆಟಗಾರ, 2004ರಲ್ಲಿ ಡೆಟ್ರಾಯಿಟ್ ತಂಡದ ಜೊತೆ ಚಾಂಪಿಯನ್. "ಅವರ ಕಾಲು ಚುರುಕು ಮೇಡಂ" ಎಂದರು 'ಸ'. ನಿಜವೇ. ನನ್ನ ಉದಾಹರಣೆ ಅರ್ಧ ಮಾತ್ರ ಹೊಂದುತ್ತಿತ್ತು, ಒಪ್ಪಿಕೊಂಡೆ.

ನಾನು ಹೇಳಿದ್ದಿಷ್ಟು. ಕೋಚ್ ಹತ್ತಿರ "ಯಾಕೆ ಜಾಸ್ತಿ ಆಡಿಸಲ್ಲ" ಅಂತ ಕೇಳಬೇಡಿ. "ನಾನು ಅಂಗಳದಲ್ಲಿರುವಾಗ ನನ್ನಿಂದ ಯಾವ ಎರಡು ಕೆಲಸ ಬೇಕು" ಅಂತ ಕೇಳಿ. ಗಾರ್ಡ್ ಹಿಂದೆ ಓಡುವ ಬದಲು ಹಿಂದೆ ಸರಿದು ರಿಂಗ್ ಕಾಯಬಹುದೇ ಅನ್ನೋದು ಅವರದೇ ಯೋಚನೆ; ಅದನ್ನೂ ಕೇಳಿ ಎಂದೆ. ಪಂದ್ಯ ಮುಗಿದ ಮೇಲೆ ಒಂದು ಚೀಟಿ ಬರೆಯಿರಿ: ಎಷ್ಟು ಸ್ಕ್ರೀನ್, ಎಷ್ಟು ಬಾಕ್ಸ್ ಔಟ್ (ರಿಬೌಂಡ್‌ಗಾಗಿ ಎದುರಾಳಿಯನ್ನು ಬೆನ್ನಿನಿಂದ ತಡೆಯೋದು). ಪಾಯಿಂಟ್ ಬರೆಯೋ ಹಾಗಿಲ್ಲ. ಚೀಟಿ ಅಪ್ಪನಿಗೂ ತೋರಿಸಿ. ಇನ್ನು ಕೊನೆಯ ನಿಮಿಷದ ಬೆಂಚ್. ಫ್ರೀ ಥ್ರೋ ಬೀಳದವನಿಗೆ ಎದುರಾಳಿಗಳು ಬೇಕಂತಲೇ ಫೌಲ್ ಮಾಡುತ್ತಾರೆ, ಕೋಚ್‌ಗೂ ಅದು ಗೊತ್ತು. ಅದರಲ್ಲಿ ಅವಮಾನ ಏನಿದೆ? ಆದರೆ ಅಭ್ಯಾಸ ಬಿಡಬೇಡಿ. ಈ ಮಾತು ಅವರಿಗೆ ಹಿಡಿಸಲಿಲ್ಲ, ಮುಖದಲ್ಲೇ ಕಾಣುತ್ತಿತ್ತು.

ಎರಡು ತಿಂಗಳ ಮೇಲೆ ಬಂದರು. ಈಗ ಪಂದ್ಯ ಶುರುವಾಗುವಾಗ ಬೆಂಚಿನಲ್ಲಿ, ಆಮೇಲೆ ಸುಮಾರು ಹದಿನೈದು ನಿಮಿಷ ಆಟ. ಚೀಟಿ ನೋಡಿದ ಅಪ್ಪ "ಬಾಕ್ಸ್ ಔಟ್ ಅಂದ್ರೆ ಏನೋ?" ಅಂದರಂತೆ. ಮಗ ಅಪ್ಪನನ್ನೇ ಎಬ್ಬಿಸಿ, ಬೆನ್ನು ಕೊಟ್ಟು ನಿಂತು ತೋರಿಸಿದರಂತೆ. ಫ್ರೀ ಥ್ರೋ ಮಾತ್ರ ಇನ್ನೂ ಹತ್ತಕ್ಕೆ ನಾಲ್ಕೇ.